ಮಾವು ಬೇಕೋ, ಹಲಸು ಬೇಕೋ

“ಗುರುಗಳೇ, ಅವತ್ತು ನೀವು ತಪ್ಪು ಹುಡುಗನನ್ನು ಆರಿಸಿಕೊಂಡಿರಾ?” ಎಂದು ಜುಂಜಯ್ಯ ಕೇಳಿದ.

ಗುರು ಶಿಷ್ಯರಿಬ್ಬರೂ ದಾರಿಬದಿಯ ಮರದ ಕೆಳಗೆ ಕುಳಿತಿದ್ದರು. ಅವರಿಗೆ ಮಠವೆಂಬುದು ಇರಲಿಲ್ಲ. ಊರಿಂದ ಊರಿಗೆ ನಡೆಯುವುದೇ ಅವರ ಮಠ. ಹಿಂದಿನ ದಿನ ಬೆಟ್ಟದ ಮಠದಲ್ಲಿ ತಂಗಿದ್ದರು. ಅಲ್ಲಿ ಓಬಳೇಶನೆಂಬ ಕಿರಿಯ ಸ್ವಾಮಿ ಪ್ರವಚನ ಮಾಡಿದ್ದ. ಕೂರಲು ಜಾಗ ಸಾಲದೆ ಜನ ಗೋಡೆ ಹತ್ತಿದ್ದರು. ಓಬಳೇಶ ನಕ್ಕರೆ ಎಲ್ಲರೂ ನಗುತ್ತಿದ್ದರು. ಅವನು ದನಿ ತಗ್ಗಿಸಿದರೆ ಕಂಕುಳ ಕೂಸುಗಳೂ ಸುಮ್ಮನಾಗುತ್ತಿದ್ದವು. ಪ್ರವಚನ ಮುಗಿದ ಮೇಲೆ ಊಟಕ್ಕೆ ಬಡಿಸುವವನೊಬ್ಬ ಜುಂಜಯ್ಯನ ಎಲೆಗೆ ಅನ್ನ ಹಾಕುತ್ತಾ, “ಓಹೋ, ಆ ಇನ್ನೊಬ್ಬ ಹುಡುಗ ಅಂದ್ರೆ ನೀನೇನಾ?” ಎಂದಿದ್ದ. ಕೆಟ್ಟ ಮನಸ್ಸಿನಿಂದ ಅಂದಿರಲಿಲ್ಲ. ಸಾರನ್ನೂ ಧಾರಾಳವಾಗಿಯೇ ಸುರಿದಿದ್ದ. ಆದರೆ ಆ ಮಾತು ಕೇಳಿದ ಮೇಲೆ ಜುಂಜಯ್ಯ ಎರಡನೆಯ ಸಲ ಅನ್ನ ಹಾಕಿಸಿಕೊಂಡಿರಲಿಲ್ಲ.

“ಯಾವತ್ತು?” ಎಂದರು ಗುರು.

“ಕೂಡುದಾರಿಯ ಮಂಟಪದಲ್ಲಿ. ನಾನೂ ಓಬಳೇಶನೂ ಅಲ್ಲೇ ಬಿದ್ದುಕೊಂಡಿದ್ದೆವಂತೆ. ಇಬ್ಬರಿಗೂ ಹಿಂದೆ ಮುಂದೆ ಯಾರೂ ಇರಲಿಲ್ಲವಂತೆ. ಬೆಟ್ಟದ ಮಠದ ಹಿರಿಯ ಸ್ವಾಮಿಗಳೂ ನೀವೂ ಅದೇ ಮಂಟಪದಲ್ಲಿ ತಂಗಿದ್ದಿರಿ. ಬೆಳಿಗ್ಗೆ ಮೊದಲು ಹೊರಟವರು ನೀವು. ಎಂದಮೇಲೆ ಆರಿಸುವ ಸರದಿ ಮೊದಲು ನಿಮ್ಮದೇ. ನೀವು ನನ್ನನ್ನು ಕರೆದುಕೊಂಡು ಹೊರಟಿರಿ. ಉಳಿದ ಓಬಳೇಶ ಅವರ ಪಾಲಾದ.”

“ಇದನ್ನೆಲ್ಲ ನಿನಗೆ ಹೇಳಿದವರು ಯಾರು?”

“ಎಲ್ಲರೂ ಹೇಳುತ್ತಾರೆ. ನನಗೇನು ನೆನಪು? ಚಿಕ್ಕವನು, ಸಾಲದ್ದಕ್ಕೆ ಜ್ವರ.” ಜುಂಜಯ್ಯ ನೆಲ ನೋಡುತ್ತಾ ಮುಂದುವರಿಸಿದ. “ನನಗೆ ದನಿಯಿಲ್ಲ. ಕಲಿತ ಪದ್ಯ ನಡುವೆಯೇ ಕೈಕೊಡುತ್ತದೆ. ಮೊನ್ನೆ ನೀವು ಮಾತಾಡುವಾಗ ಊರವರೆಲ್ಲ ಎಚ್ಚರವಿದ್ದರು, ತೂಕಡಿಸಿದವನು ನಾನೊಬ್ಬನೇ. ನನ್ನ ಬದಲು ಓಬಳೇಶ ನಿಮ್ಮ ಜೊತೆಗಿದ್ದಿದ್ದರೆ ನಿಮ್ಮ ಹೆಸರು ನಾಲ್ಕು ಸೀಮೆ ದಾಟುತ್ತಿತ್ತು. ಹೌದು ಅಂದುಬಿಡಿ ಗುರುಗಳೇ, ನಾನು ನೊಂದುಕೊಳ್ಳುವುದಿಲ್ಲ. ಮುಂದಿನ ಊರಿನಲ್ಲಿ ದೊಡ್ಡ ಸಂತೆ ಕೂಡುತ್ತದೆ. ಅಲ್ಲಿ ಮೂಟೆ ಹೊತ್ತಾದರೂ ಬದುಕುತ್ತೇನೆ. ನಿಮ್ಮ ಪಕ್ಕ ಖಾಲಿಯಾದರೆ ತಕ್ಕವನೊಬ್ಬ ಬಂದಾನು.”

ಇಷ್ಟು ಹೇಳಿ ಅವನು ತನ್ನ ಕೈಯಲ್ಲಿದ್ದ ಗುರುಗಳ ತಂಬಿಗೆಯನ್ನು ಅವರ ಮುಂದೆ ಇಟ್ಟ. ನೀರು ತುಂಬುವುದಕ್ಕೆ, ಬೆಳಗುವುದಕ್ಕೆ ಬಿಟ್ಟರೆ ಅವನು ಅದನ್ನು ಕೈಯಿಂದ ಇಳಿಸಿದ್ದನ್ನು ಗುರು ಕಂಡಿರಲಿಲ್ಲ.

ಗುರು ತಂಬಿಗೆಯ ಕಡೆ ನೋಡಿದರು. ಮುಟ್ಟಲಿಲ್ಲ.

“ಬಿಸಿಲು ಇಳಿಯಲಿ. ಹೋಗುವವನು ಒಂದು ಕತೆ ಕೇಳಿಕೊಂಡು ಹೋಗು” ಎಂದು ಹೇಳತೊಡಗಿದರು.

ಹೊಳೆಯ ದಂಡೆಯಲ್ಲಿ ಒಂದು ಊರು. ಆ ಊರಿಗೆ ಎರಡು ಕೇರಿ. ದಿಬ್ಬದ ಮೇಲಿನದು ಮೇಲುಕೇರಿ, ನೀರ ಪಕ್ಕದ್ದು ಹೊಳೆಕೇರಿ. ವರ್ಷವಿಡೀ ಎರಡೂ ಕೇರಿಯವರು ಒಂದೇ ಬಾವಿಯ ನೀರು ಕುಡಿದು, ಹೆಣ್ಣು ಕೊಟ್ಟು ಹೆಣ್ಣು ತಂದು ಚೆನ್ನಾಗಿಯೇ ಇರುತ್ತಿದ್ದರು. ಸುಗ್ಗಿ ಮುಗಿದು ಹೊಳೆ ಸಣ್ಣಗಾಗಿ ಮರಳು ಬಿಟ್ಟುಕೊಂಡಿತೆಂದರೆ ಮಾತ್ರ ಬೀಗರು ಬೀಗರಿಗೆ ಮಾತು ಬಿಡುತ್ತಿದ್ದರು. ಮರಳ ಮೇಲೆ ಕಬಡ್ಡಿ ಶುರುವಾಗುತ್ತಿತ್ತು.

ಯಾರು ಯಾವ ಕೇರಿಗೆ ಆಡಬೇಕು ಎಂಬುದಕ್ಕೆ ಅಲ್ಲಿ ಒಂದು ಕಟ್ಟಳೆ ಇತ್ತು. ಹುಟ್ಟಿದ ಮನೆಗೂ ಅದಕ್ಕೂ ಸಂಬಂಧವಿಲ್ಲ. ಆ ವರ್ಷ ಮೀಸೆ ಚಿಗುರಿದ ಹುಡುಗರು ತಮ್ಮ ತಮ್ಮ ಸಮಬಲದ ಗೆಳೆಯನನ್ನು ಹುಡುಕಿ ಜೋಡಿಯಾಗಬೇಕು. ಜೋಡಿ ಹುಣಸೆಮರದ ಹಿಂದೆ ಹೋಗಿ ಎರಡು ಗುಟ್ಟಿನ ಹೆಸರು ಇಟ್ಟುಕೊಳ್ಳಬೇಕು. ಒಬ್ಬ ಹುಲಿ, ಒಬ್ಬ ಕರಡಿ. ಒಬ್ಬ ಚಿನ್ನ, ಒಬ್ಬ ಬೆಳ್ಳಿ. ಆಮೇಲೆ ಹೆಗಲ ಮೇಲೆ ಕೈ ಹಾಕಿಕೊಂಡು ಬಂದು ಕೇರಿಯ ಯಜಮಾನನ ಮುಂದೆ ನಿಂತು ಕೇಳಬೇಕು: ಹುಲಿ ಬೇಕೋ, ಕರಡಿ ಬೇಕೋ? ಒಂದು ಜೋಡಿಯನ್ನು ಈ ಕೇರಿಯ ಯಜಮಾನ ಬಿಡಿಸಿದರೆ ಮುಂದಿನದನ್ನು ಆ ಕೇರಿಯ ಯಜಮಾನ. ಹುಲಿ ಅಂದರೆ ಹುಲಿಯಾದವನು ಅವನ ಕಡೆ, ಕರಡಿಯಾದವನು ಇನ್ನೊಂದು ಕಡೆ. ಬಾಯಿಂದ ಬಿದ್ದ ಹೆಸರನ್ನು ಮತ್ತೆ ಎತ್ತಿಕೊಳ್ಳುವ ಹಾಗಿಲ್ಲ. ಆಡುವ ಶಕ್ತಿ ಇರುವ ತನಕ ಅದೇ ಕೇರಿ.

ಹಿರಿಯರು ಇದನ್ನು ಯೋಚಿಸಿಯೇ ಮಾಡಿದ್ದರು. ಮುಖ ನೋಡಿ ಆರಿಸಿದರೆ ಒಬ್ಬ ಬೇಕಾದವನಾಗುತ್ತಾನೆ, ಒಬ್ಬ ಬೇಡವಾದವನಾಗುತ್ತಾನೆ. ಹೆಸರು ಕೇಳಿ ಆರಿಸಿದರೆ ಬೇಡವಾದದ್ದು ಕರಡಿ, ಹುಡುಗನಲ್ಲ.

ಹೊಳೆಕೇರಿಯಲ್ಲಿ ಒಬ್ಬ ಗಾಣಿಗನಿದ್ದ. ಅವನು ಒಂದು ದಿನವೂ ಆಡಿದವನಲ್ಲ. ಎಳೆವಯಸ್ಸಿನಲ್ಲಿ ಗಾಣದ ನೊಗ ಮೇಲೆ ಬಿದ್ದು ಒಂದು ಕಾಲು ಎಳೆಯುತ್ತಿತ್ತು. ಆದರೆ ಅವನಷ್ಟು ಆಟ ನೋಡಿದವರು ಆ ಊರಲ್ಲಿ ಇರಲಿಲ್ಲ. ಗೆರೆಯ ಪಕ್ಕದ ಬಂಡೆ ಅವನದು. ಅಲ್ಲಿ ಕೂತು ಅವನು ಕೂಗು ಹಾಕಿದರೆ ಹೊಳೆಯಾಚೆ ಮೇಯುವ ದನಗಳು ತಲೆಯೆತ್ತುತ್ತಿದ್ದವು. ಆಟಕ್ಕೆ ಮೊದಲು ಹುಡುಗರ ಕೈಕಾಲಿಗೆ ಹಚ್ಚುವ ಹರಳೆಣ್ಣೆ ಅವನ ಗಾಣದ್ದೇ. ಅದಕ್ಕೆ ಅವನು ಕಾಸು ಮುಟ್ಟುತ್ತಿರಲಿಲ್ಲ.

ಆಟ ಮುಗಿದ ಮೇಲೂ ಎಣ್ಣೆಯಿತ್ತು. ಗೆದ್ದ ಕೇರಿಯ ಹುಡುಗರು ಮೈತುಂಬ ಎಣ್ಣೆ ತಿಕ್ಕಿಸಿಕೊಂಡು ಹೊಳೆಯಲ್ಲಿ ಮೀಯುತ್ತಿದ್ದರು. ಸೋತವರು ಒಣಮೈಯಲ್ಲಿ ಮನೆಗೆ ಹೋಗಬೇಕು, ಅವರನ್ನು ಯಾರೂ ಮಾತಾಡಿಸಬಾರದು. ಅದು ರೂಢಿ. ಗಾಣಿಗ ಆ ರೂಢಿಗೆ ಸೊಪ್ಪು ಹಾಕುತ್ತಿರಲಿಲ್ಲ. ಸೋತ ದಿನವೂ ಕುಡಿಕೆ ಹಿಡಿದು ಕುಂಟುತ್ತಾ ಬಂಡೆ ಇಳಿಯುತ್ತಿದ್ದ. “ಗೆದ್ದವನಿಗೆ ಮೈ ನೋಯಲ್ಲ ಕಣ್ರೋ. ನೋಯೋದು ಸೋತವನಿಗೆ. ಕೂತ್ಕೊಳ್ಳಿ” ಎಂದು ಒಬ್ಬೊಬ್ಬರ ಹೆಗಲಿಗೂ ತಿಕ್ಕುತ್ತಿದ್ದ. ಮೇಲುಕೇರಿಯವರು ನಗುತ್ತಿದ್ದರು. ನಗಲಿ ಬಿಡಿ ಎನ್ನುತ್ತಿದ್ದ.

ಒಂದು ವರ್ಷ ಜೋಡಿ ಬಿಡಿಸುವ ದಿನ ಕಟ್ಟಕಡೆಯ ಜೋಡಿ ಬಂತು. ಇಬ್ಬರೂ ಮೇಲುಕೇರಿಯ ಮನೆಗಳ ಹುಡುಗರು. ಒಂದೇ ಎತ್ತರ, ಒಂದೇ ಮೈಕಟ್ಟು. ಸರದಿ ಹೊಳೆಕೇರಿಯ ಯಜಮಾನನದು. ಅವನು ಅಂಬಿಗ. ಬಹಳ ಒಳ್ಳೆಯವನು. ಅವನಿಗಿದ್ದ ಚಟ ಒಂದೇ, ಹಲಸಿನ ಹಣ್ಣು. ಹಲಸಿನ ಕಾಲದಲ್ಲಿ ಅವನ ದೋಣಿ ಹತ್ತುವವರು ಆಚೆ ದಡದಲ್ಲಿ ಹಣ್ಣಿನವಳು ಕೂತಿದ್ದಾಳೋ ಇಲ್ಲವೋ ಎಂದು ಮೊದಲು ನೋಡಿಕೊಳ್ಳುತ್ತಿದ್ದರು. ಕೂತಿದ್ದರೆ ದೋಣಿ ಹೋಗುವುದು ಬೇಗ, ಬರುವುದು ತಡ.

“ಮಾವು ಬೇಕೋ, ಹಲಸು ಬೇಕೋ?” ಎಂದು ಹುಡುಗರು ಕೇಳಿದರು.

“ಹಲಸು!” ಎಂದ ಅಂಬಿಗ. ಹುಡುಗರ ಮಾತು ಮುಗಿಯುವುದಕ್ಕೂ ಬಿಡಲಿಲ್ಲ. ನೆರೆದವರೆಲ್ಲ ನಕ್ಕರು. ಗಾಣಿಗನೂ ನಕ್ಕ.

ಹಲಸಾದವನು ಹೊಳೆಕೇರಿಗೆ ಬಂದ. ಮಾವಾದವನು ಮೇಲುಕೇರಿಯಲ್ಲಿ ಉಳಿದ. ಅಂದಿನಿಂದ ಊರು ಅವರನ್ನು ಆ ಹೆಸರಿನಿಂದಲೇ ಕರೆಯಿತು. ಹೆತ್ತವರು ಇಟ್ಟ ಹೆಸರು ಹೆತ್ತವರಿಗೇ ಮರೆಯಿತು.

ಮೊದಮೊದಲು ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಒಂದು ಬೇಸಿಗೆಯಲ್ಲಿ ಮಾವಿನ ಹುಡುಗನ ಆಟ ಕುದುರಿತು. ಅವನು ಉಸಿರು ಕಟ್ಟಿ ಗೆರೆ ದಾಟಿದನೆಂದರೆ ಇಬ್ಬರನ್ನು ಮುಟ್ಟದೆ ಮರಳುತ್ತಿರಲಿಲ್ಲ. ಹಿಡಿದ ಕೈಗಳಿಂದ ಹಾವುಮೀನಿನ ಹಾಗೆ ಜಾರುತ್ತಿದ್ದ. ಸುತ್ತಲ ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಅವನನ್ನು ನೋಡಲು ಬರತೊಡಗಿದರು.

ಹಲಸಿನ ಹುಡುಗ ಮೂಲೆಯಲ್ಲಿ ನಿಲ್ಲುತ್ತಿದ್ದ. ದಾಳಿಗೆ ಬಂದವನ ಕಾಲಿಗೆ ಬೀಳುವುದು ಅವನ ಕೆಲಸ. ಅವನ ಮೊಣಕೈ ಮೊಣಕಾಲು ಸದಾ ತರಚಿರುತ್ತಿದ್ದವು. ಅವನ ಹಿಡಿತ ನಿಂತರೆ ಉಳಿದವರು ಬಂದು ಮೇಲೆ ಬೀಳುತ್ತಿದ್ದರು, ಹೆಸರು ಅವರದಾಗುತ್ತಿತ್ತು. ಹಿಡಿತ ತಪ್ಪಿದರೆ ಹೆಸರು ಇವನದಾಗುತ್ತಿತ್ತು.

ಹೊಳೆಕೇರಿ ಸೋಲತೊಡಗಿತು. ಗಾಣಿಗನಿಗೆ ಅಲ್ಲಿಂದ ಶುರುವಾಯಿತು. ಎತ್ತು ಗಾಣ ಸುತ್ತುತ್ತಿತ್ತು, ಎತ್ತಿನ ಹಿಂದೆ ಗಾಣಿಗ ಸುತ್ತುತ್ತಿದ್ದ, ಗಾಣಿಗನ ತಲೆಯೊಳಗೆ ಒಂದು ಮಾತು ಸುತ್ತುತ್ತಿತ್ತು. ಅವತ್ತು ಮಾವು ಅಂದಿದ್ದರೆ?

ಹೆಂಗಸರು ಎಣ್ಣೆಗೆ ಬಂದು, “ಬೇಗ ಅಳೆದುಕೊಡಣ್ಣ, ದೀಪ ಹಚ್ಚೋ ಹೊತ್ತಾಯ್ತು” ಎನ್ನುತ್ತಿದ್ದರು.

“ಕೊಡ್ತೀನಿ ತಾಯಿ. ನೀನೇ ಹೇಳು, ಮಾವು ಅನ್ನೋದು ಏನು ಕಷ್ಟದ ಮಾತಾ? ಎರಡೇ ಅಕ್ಷರ.”

“ಈ ಅಣ್ಣನ ಹತ್ರ ಎಣ್ಣೆಗೆ ಬಂದ್ರೆ ದೀಪ ಹಚ್ಚೋದು ನಾಳೆಗೇ” ಎಂದು ಅವರು ತಮ್ಮತಮ್ಮಲ್ಲಿ ಅಂದುಕೊಳ್ಳುತ್ತಿದ್ದರು.

ಮಿಂಚಿ ಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಎಂದು ಯಾರೋ ಬುದ್ಧಿ ಹೇಳಿದರು. “ಫಲ ಬೇಕು ಅಂತ ಯಾರಪ್ಪ ಚಿಂತಿಸ್ತಾರೆ?” ಎಂದ ಗಾಣಿಗ. ಬುದ್ಧಿ ಹೇಳಿದವನು ಎಣ್ಣೆ ತೆಗೆದುಕೊಂಡು ಹೋದ.

ಅಂಬಿಗನನ್ನು ಕಂಡರೆ ಗಾಣಿಗ ಬಿಡುತ್ತಿರಲಿಲ್ಲ. “ಯಜಮಾನ್ರೇ, ಅವತ್ತು ನಾಲಿಗೆ ಮಾವಿನ ಕಡೆ ಹೊರಳ್ಲೇ ಇಲ್ವಾ?”

“ಹೊರಳ್ತಪ್ಪ. ಅದರ ರುಚಿ ಅದಕ್ಕೆ ಗೊತ್ತು, ಹಲಸಿನ ಕಡೆ ಹೊರಳ್ತು.”

“ಒಂದು ತೊಳೆಗೆ ಕೇರಿ ಮಾರಿಬಿಟ್ರಿ.”

ಅಂಬಿಗ ಮೊದಲೆಲ್ಲ ನಗುತ್ತಿದ್ದ. ಬರುಬರುತ್ತಾ ನಗು ಕಡಿಮೆಯಾಯಿತು. ಆಮೇಲೆ ಗಾಣದ ಬೀದಿ ಬಿಟ್ಟು ಸುತ್ತುಹಾದಿಯಲ್ಲಿ ಹೊಳೆಗೆ ಹೋಗತೊಡಗಿದ. ಹಲಸಿನ ಹಣ್ಣನ್ನೂ ಬಿಟ್ಟನೆಂದು ಜನ ಹೇಳುತ್ತಾರೆ.

ಒಂದು ಆಯ್ಕೆಯಲ್ಲಿ ತಪ್ಪು ಕಂಡವನಿಗೆ ಇನ್ನೊಂದು ಕಾಣಲು ಎಷ್ಟು ಹೊತ್ತು ಬೇಕು? ಅದರ ಹಿಂದಿನ ವರ್ಷ ಹುಲಿ ಅನ್ನುವ ಬದಲು ಕರಡಿ ಅನ್ನಬೇಕಿತ್ತು. ಅದಕ್ಕೂ ಹಿಂದೆ ಬೆಳ್ಳಿ ಅಂದದ್ದು ತಪ್ಪು. ಗಾಣಿಗ ಏಳು ಹರಳು ಬೀಜ ತೆಗೆದು ಗಾಣದ ಪಕ್ಕದ ಹಾಸುಗಲ್ಲಿನ ಮೇಲೆ ಜೋಡಿಸಿದ. ಇದು ಮಾವು, ಇದು ಕರಡಿ, ಇದು ಚಿನ್ನ. ಕೈತಪ್ಪಿದವರೆಲ್ಲ ಅಲ್ಲಿ ಒಂದಾದರು. ಯಾರು ಮುಂದೆ, ಯಾರು ಮೂಲೆಗೆ ಎಂದು ದಿನವೂ ಸರಿಸಿ ನೋಡುತ್ತಿದ್ದ. ಆ ತಂಡ ಒಂದು ಆಟವನ್ನೂ ಸೋಲಲಿಲ್ಲ. ಆಡಲೂ ಇಲ್ಲ.

“ಸತ್ತ ಎಮ್ಮೆಗೆ ಸೇರು ತುಪ್ಪ ಅಂತೆ” ಎಂದು ಅವನ ಹೆಂಡತಿ ಹಾಸುಗಲ್ಲನ್ನು ಬಳಸಿಕೊಂಡು ಕಸ ಗುಡಿಸುತ್ತಾ ಅನ್ನುತ್ತಿದ್ದಳು. “ಎತ್ತು ನಿಂತು ಎಷ್ಟು ಹೊತ್ತಾಯ್ತು ನೋಡಿದ್ರಾ?”

“ಇರೇ. ಇವನನ್ನ ಎಡಕ್ಕೆ ಹಾಕಿದ್ರೆ ಹೆಂಗೆ ಅಂತ ನೋಡ್ತಿದ್ದೀನಿ.”

ಆಟದ ದಿನವೂ ಅವನು ಬಂಡೆಯ ಮೇಲೆ ಬಂದು ಕೂರುತ್ತಿದ್ದ. ಆದರೆ ಅವನ ಕಣ್ಣು ಈಗ ಗೆರೆಯಾಚೆಯ ಮಾವಿನ ಹುಡುಗನ ಮೇಲೆ ಇರುತ್ತಿತ್ತು. ಸೋತ ಮೇಲೆ ಹೊಳೆಕೇರಿಯ ಹುಡುಗರು ಒಂದು ಗಳಿಗೆ ಬಂಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಗಾಣಿಗ ತಲೆ ಬಡಿದುಕೊಳ್ಳುತ್ತಾ ಆಗಲೇ ಗಾಣದ ಹಾದಿ ಹಿಡಿದಿರುತ್ತಿದ್ದ. ಹುಡುಗರು ಒಣಮೈಯಲ್ಲಿ ಮನೆಗೆ ಹೋಗುತ್ತಿದ್ದರು. ರೂಢಿ ಹಾಗೇ ಇತ್ತಲ್ಲ, ಯಾರೂ ಏನೂ ಅನ್ನಲಿಲ್ಲ.

ಆಟದ ಎಣ್ಣೆ ಒಯ್ಯಲು ಗಾಣಕ್ಕೆ ಬರುತ್ತಿದ್ದವನು ಹಲಸಿನ ಹುಡುಗ. ಕುಡಿಕೆ ಹಿಡಿದು ಕಂಬಕ್ಕೆ ಒರಗಿ ನಿಲ್ಲುತ್ತಿದ್ದ. ಗಾಣಿಗ ಬೇರೆಯವರೊಡನೆ ಆಡುವ ಮಾತೆಲ್ಲ ಅವನ ಕಿವಿಗೆ ಬೀಳುತ್ತಿತ್ತು. ಗಾಣಿಗ ದನಿ ತಗ್ಗಿಸುತ್ತಿರಲಿಲ್ಲ. ಅವನಿಗೆ ಹಲಸಿನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ದನಿ ತಗ್ಗಿಸುತ್ತಿದ್ದನೋ ಏನೋ. ಅಲ್ಲೊಬ್ಬ ನಿಂತಿದ್ದಾನೆ ಎಂಬುದೇ ಅವನ ಗಮನಕ್ಕೆ ಬರುತ್ತಿರಲಿಲ್ಲ. ಗಾಣಿಗ ಬೀಜ ಜೋಡಿಸುತ್ತಾ ಮೈಮರೆತಾಗ ಎತ್ತಿನ ಕೊರಳು ಬಿಚ್ಚಿ, ನೀರು ಕುಡಿಸಿ, ಹಿಡಿ ಹಿಂಡಿ ಹಾಕುತ್ತಿದ್ದವನು ಹಲಸು. ಅದೂ ಗಾಣಿಗನ ಗಮನಕ್ಕೆ ಬಂದಿರಲಿಲ್ಲ.

ಒಂದು ಸಂಜೆ ಹಲಸು ಹಾಸುಗಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಬೀಜಗಳನ್ನು ಬಹಳ ಹೊತ್ತು ನೋಡಿದ.

“ಅಣ್ಣಾ, ಇದರಲ್ಲಿ ನಾನು ಯಾವುದು?”

“ನೀನಾ?” ಗಾಣಿಗ ನಿಜವಾಗಿಯೂ ಯೋಚಿಸಿದ. “ನೀನು ಹೆಂಗಪ್ಪ ಇರ್ತೀಯಾ? ಮಾವು ಇದ್ದಾನಲ್ಲ. ಅವನು ಈ ಕಡೆ ಬಂದ್ರೆ ನೀನು ಆ ಕಡೆ ತಾನೇ?”

ಲೆಕ್ಕ ಸರಿಯಾಗಿಯೇ ಇತ್ತು. ಹಲಸು ತಲೆಯಾಡಿಸಿ, ಎಣ್ಣೆ ತುಂಬಿಸಿಕೊಂಡು ಹೋದ.

ಆ ವರ್ಷದ ಕೊನೆಯ ಆಟಕ್ಕೆ ಒಂದು ದಿನ ಇತ್ತು. ಹಲಸು ಗಾಣಕ್ಕೆ ಬಂದ. ಕುಡಿಕೆಯನ್ನು ತೊಳೆದು ಒರೆಸಿ ತಂದಿದ್ದ. ಅದನ್ನು ಗಾಣಿಗನ ಮುಂದೆ ಇಟ್ಟ.

“ಇನ್ಮೇಲೆ ಬೇರೆ ಯಾರಾದ್ರೂ ಬರ್ತಾರಣ್ಣ. ನಾನು ಆಟ ಬಿಟ್ಟೆ.”

“ಯಾಕೋ? ಕಾಲುಗೀಲು ಉಳುಕ್ತಾ?”

“ಇಲ್ಲ. ನನ್ನ ಜಾಗ ಖಾಲಿಯಾದ್ರೆ ನಿಮಗೆ ಬೇಕಾದವನು ಯಾವನಾದ್ರೂ ಬರಬಹುದು.”

ಗಾಣಿಗ ಸಮಾಧಾನ ಮಾಡೋಣವೆಂದು, “ಅಯ್ಯೋ ಹುಚ್ಚಪ್ಪ, ನಿನ್ನ ತಪ್ಪೇನಿದೆ ಇದರಲ್ಲಿ? ತಪ್ಪೆಲ್ಲ ಆ ಅಂಬಿಗನದು. ಹಲಸು ಅಂದೋನು ಅವನು” ಎಂದ.

“ಅವರನ್ನ ಬಿಟ್ಟುಬಿಡಿ ಅಣ್ಣ. ಪಾಪ, ಅವರು ಹಣ್ಣು ತಿನ್ನೋದನ್ನೂ ಬಿಟ್ಟಿದ್ದಾರೆ.” ಹಲಸು ಎದ್ದು ನಿಂತ. “ಅವರು ಹಲಸು ಅಂತಾರೆ ಅಂತ ನನಗೆ ಗೊತ್ತಿತ್ತು. ಇಡೀ ಊರಿಗೆ ಗೊತ್ತು. ಕಡೇ ಸರದಿ ಅವರದು ಅಂತ ಎಣಿಸಿ ನೋಡಿ, ಅದಕ್ಕೇ ಆ ಹೆಸರು ಇಟ್ಕೊಂಡೆ.”

ಗಾಣಿಗ ಅವನ ಮುಖ ನೋಡಿದ. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ ಸರಿಯಾಗಿ ನೋಡಿದ್ದು.

“ಮರದ ಹಿಂದೆ ಹೋದಾಗ ಅವನು ಹುಲಿ ಕರಡಿ ಅಂದ. ಅದು ಬೇಡ, ಮಾವು ಹಲಸು ಅನ್ನೋಣ, ಮಾವು ನೀನಾಗು ಅಂದೋನು ನಾನು. ಅವನಿಗೆ ಯಾವುದಾದ್ರೂ ಒಂದೇ ಆಗಿತ್ತು, ಒಪ್ಕೊಂಡ.”

“ಅಂದ್ರೆ, ಆ ಹುಡುಗನ್ನ ನಮಗೆ ತಪ್ಪಿಸಿದ್ದು ನೀನಾ!” ಗಾಣಿಗನ ಬಾಯಿಂದ ಮೊದಲು ಬಂದ ಮಾತು ಅದು. “ಯಾಕೋ ಮನೆಹಾಳ?”

“ಈ ಕೇರಿಗೆ ಬರಬೇಕಿತ್ತು.”

“ಈ ಕೇರೀಲಿ ಏನಿತ್ತು ಅಂತ ಬಂದೆ? ಆಗ್ಲೂ ನಾವು ಗೆಲ್ಲೋದಕ್ಕಿಂತ ಸೋಲೋದೇ ಹೆಚ್ಚು!”

“ಅದಕ್ಕೇ ಅಣ್ಣ.” ಹಲಸು ಸ್ವಲ್ಪ ತಡೆದು ಹೇಳಿದ. “ನಮ್ಮಪ್ಪ ಮೇಲುಕೇರಿಗೆ ಆಡ್ತಿದ್ದೋನು. ಅವನು ಸೋತು ಬಂದ ದಿನ ಮನೇಲಿ ಯಾರೂ ಮಾತಾಡ್ತಿರಲಿಲ್ಲ. ಅವ್ವ ಮುದ್ದೆ ಇಟ್ಟು ಒಳಗೆ ಹೋಗೋಳು. ಅವನು ಗೋಡೆ ಕಡೆ ತಿರುಗಿ ಉಣ್ಣೋನು. ನಾನು ದಿಬ್ಬದ ಮೇಲೆ ನಿಂತು ನಿಮ್ಮ ಕೇರಿಯೋರು ಸೋಲೋದನ್ನೂ ನೋಡ್ತಿದ್ದೆ. ಎಲ್ಲ ಎದ್ದು ಹೋದ ಮೇಲೆ ನೀವೊಬ್ಬರು ಕುಡಿಕೆ ಹಿಡ್ಕೊಂಡು ಬಂಡೆ ಇಳಿಯೋರು. ಒಂದು ಸಲ ಆ ಎತ್ತರದ ಆಳು ಅತ್ತುಬಿಟ್ಟ, ನೀವು ಅವನ ಬೆನ್ನಿಗೆ ಎಣ್ಣೆ ತಿಕ್ತಾನೇ ಇದ್ರಿ. ಸೋತ ಮೇಲೂ ಮೈ ಮುಟ್ಟೋರು ಇದ್ದಾರಲ್ಲ, ಆಡಿದ್ರೆ ಆ ಕೇರಿಗೆ ಆಡಬೇಕು ಅನ್ಕೊಂಡೆ.”

ಗಾಣಿಗ ಮುಂದಿದ್ದ ಕುಡಿಕೆಯ ಕಡೆ ನೋಡಿದ.

“ಬಂದೆ” ಎಂದ ಹಲಸು. “ನಾನು ಬಂದ ಮೇಲೆ ನೀವು ಬಂಡೆ ಇಳಿಯೋದು ಬಿಟ್ರಿ.”

ಅವನು ಹೋದ. ಹೋಗುವಾಗ ದಾರಿಯಲ್ಲಿ ನಿಂತಿದ್ದ ಎತ್ತಿನ ಬೆನ್ನು ಸವರಿ ಹೋದ. ಎತ್ತು ಅವನು ಹೋದ ಕಡೆಗೇ ಕೊರಳು ತಿರುಗಿಸಿ ನಿಂತಿತು. ಆಗ ಗಾಣಿಗನ ಕಣ್ಣು ಎತ್ತು ನೀರು ಕುಡಿಯುವ ಬಾನಿಯ ಮೇಲೆ ಬಿತ್ತು. ಬಾನಿಯಲ್ಲಿ ನೀರು ತುಂಬಿತ್ತು. ತುಂಬಿಸಿದವನು ತಾನಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹೆಂಡತಿಯ ಕಡೆ ನೋಡಿದ.

“ನನ್ನ ಯಾಕೆ ನೋಡ್ತೀರಾ?” ಎಂದಳು ಅವಳು. “ನಾನಲ್ಲ. ವರ್ಷಗಟ್ಟಲೆಯಿಂದ ಆ ಹುಡುಗನೇ.”

ಗಾಣಿಗ ಹಾಸುಗಲ್ಲಿನ ಮುಂದೆ ಕೂತ. ಏಳು ಬೀಜಗಳು ಸಾಲಾಗಿ ಇದ್ದವು. ಹಲಸಿಗೆಂದು ಒಂದು ಬೀಜ ತಂದು ಮೂಲೆಗೆ ಇಟ್ಟು ನೋಡಿದ. ಈಗ ಮಾವನ್ನು ತೆಗೆಯಬೇಕಾಯಿತು. ತೆಗೆದ. ಮಾವು ಹೋದ ಮೇಲೆ ಉಳಿದವರನ್ನು ಯಾಕೆ ಇಟ್ಟುಕೊಂಡಿದ್ದೇನೆ ಎಂದು ಅವನಿಗೇ ತಿಳಿಯಲಿಲ್ಲ. ಅಂಗೈಯಿಂದ ಎಲ್ಲವನ್ನೂ ಬಾಚಿ ಗಾಣಕ್ಕೆ ಸುರಿದು, ಎತ್ತು ಹೂಡಿದ.

ಬೆಳಿಗ್ಗೆ ಅವನು ದಿಬ್ಬ ಹತ್ತಿದ. ಆಟದ ಕಾಲದಲ್ಲಿ ಹೊಳೆಕೇರಿಯವನು ಮೇಲುಕೇರಿಗೆ ಕಾಲಿಡುವುದಿಲ್ಲ. ಕುಂಟುಕಾಲಿನವನು ಆ ಏರು ಹತ್ತುವುದನ್ನು ಜನ ಹೊರಗೆ ಬಂದು ನೋಡಿದರು. “ಏನಣ್ಣ, ಮಾವಿನ ಹಣ್ಣು ಕೇಳೋಕೆ ಬಂದ್ಯಾ?” ಎಂದು ಒಬ್ಬ ಕೆಣಕಿದ. ಗಾಣಿಗ ತಿರುಗಿ ನೋಡಲಿಲ್ಲ. ಹಲಸಿನ ಹುಡುಗನ ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟ.

ಹುಡುಗ ಹೊರಗೆ ಬಂದ.

“ಯಾರೂ ನನ್ನ ಕೇಳಿಲ್ಲ” ಎಂದ ಗಾಣಿಗ. “ನಾನು ಯಜಮಾನನೂ ಅಲ್ಲ. ಆದ್ರೂ ಹೇಳ್ತೀನಿ. ಹಲಸು ಬೇಕು.”

ಹುಡುಗ ಬಾಗಿಲು ಹಿಡಿದು ನಿಂತೇ ಇದ್ದ.

“ಬಾಯಿಂದ ಬಿದ್ದದ್ದನ್ನ ಮತ್ತೆ ಎತ್ತಿಕೊಳ್ಳೋ ಹಾಗಿಲ್ಲ ಅಣ್ಣ. ಕಟ್ಟಳೆ ಗೊತ್ತಲ್ಲ?” ಎಂದ.

“ಎತ್ತಿಕೊಳ್ಳೋದಕ್ಕೆ ಬಗ್ಗಬೇಕಲ್ಲೋ. ನನ್ನ ಸೊಂಟ ಬಗ್ಗಲ್ಲ. ಬಾ.”

ಅಂದು ಹಲಸು ಆಡಿದ. ಮೂಲೆಯಲ್ಲಿ ನಿಂತು, ಬಂದವರ ಕಾಲಿಗೆ ಬಿದ್ದ. ಒಮ್ಮೆ ಮಾವಿನ ಹುಡುಗನ ಪಾದ ಅವನ ಕೈಗೆ ಸಿಕ್ಕಿತು. ಮರಳಲ್ಲಿ ಇಬ್ಬರೂ ಗೆರೆಯ ತನಕ ಉರುಳಿದರು. ಮಾವಿನ ಬೆರಳ ತುದಿ ಗೆರೆ ಮುಟ್ಟಿತು. ಹೊಳೆಕೇರಿ ಸೋತಿತು.

ಮೇಲುಕೇರಿಯವರು ಕೇಕೆ ಹಾಕಿದರು. ಹೊಳೆಕೇರಿಯ ಹುಡುಗರು ತಲೆ ತಗ್ಗಿಸಿ ಹೊರಟರು. ಆಗ ಬಂಡೆಯ ಕಡೆಯಿಂದ ಕೂಗು ಬಂತು. ಹೊಳೆಯಾಚೆ ದನಗಳು ತಲೆಯೆತ್ತಿದವು.

“ಎಲ್ಲಿಗ್ರೋ ಹೊರಟ್ರಿ? ಕೂತ್ಕೊಳ್ಳಿ!”

ಗಾಣಿಗ ಕುಡಿಕೆ ಹಿಡಿದು ಇಳಿಯುತ್ತಿದ್ದ. ಹುಡುಗರು ಮುಖ ಮುಖ ನೋಡಿಕೊಂಡು ಮರಳ ಮೇಲೆ ಕೂತರು. ಅವನು ಹಲಸಿನ ಹಿಂದೆ ಮಂಡಿಯೂರಿ, ಅಂಗೈಗೆ ಎಣ್ಣೆ ಸುರಿದುಕೊಂಡು ಅವನ ಹೆಗಲಿಗೆ ಕೈ ಹಚ್ಚಿದ. ಹುಡುಗನ ಹೆಗಲು ಮೊದಲು ಬಿಗಿಯಾಗಿತ್ತು. ತಿಕ್ಕುತ್ತಾ ತಿಕ್ಕುತ್ತಾ ಸಡಿಲವಾಯಿತು. ಅವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಗಾಣಿಗನೂ ಅವನ ಮುಖ ನೋಡಲು ಮುಂದೆ ಬರಲಿಲ್ಲ.

ಗೆದ್ದ ಮಾವಿನ ಹುಡುಗ ಹೊಳೆಗೆ ಹೋಗುತ್ತಿದ್ದವನು ಅಲ್ಲಿ ನಿಂತ. ಗೆಳೆಯನನ್ನು ನೋಡಿದ, ಕುಡಿಕೆಯನ್ನು ನೋಡಿದ. ಅವನ ಮೊಣಕಾಲೂ ತರಚಿತ್ತು.

“ಅಣ್ಣಾ, ನನಗೂ ಒಂದು ಕೈ ಹಚ್ತೀರಾ?”

ಎಷ್ಟು ವರ್ಷ ಯಾರ ಹೆಸರು ಹೇಳಿಕೊಂಡು ಗಾಣ ಸುತ್ತಿದ್ದನೋ ಅವನು ಈಗ ತಾನಾಗಿ ಎದುರಿಗೆ ಬಂದು ನಿಂತಿದ್ದ. ಗಾಣಿಗ ಕತ್ತೆತ್ತಿ ಒಮ್ಮೆ ನೋಡಿದ. ಕೈ ನಿಲ್ಲಿಸಲಿಲ್ಲ.

“ಸ್ವಲ್ಪ ತಾಳಪ್ಪ” ಎಂದ. “ಮೊದಲು ನಮ್ಮ ಹುಡುಗನದು ಆಗಲಿ.”

ಗುರು ಕತೆ ನಿಲ್ಲಿಸಿದರು. ಬಿಸಿಲು ಇಳಿದಿತ್ತು.

“ಮುಂದಿನ ವರ್ಷವಾದರೂ ಹೊಳೆಕೇರಿ ಗೆದ್ದಿತೇ?” ಎಂದು ಜುಂಜಯ್ಯ ಕೇಳಿದ.

“ನನಗೆ ಕತೆ ಹೇಳಿದವರು ಅದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ.”

ಜುಂಜಯ್ಯ ಮಣ್ಣಿನ ಮೇಲೆ ಬೆರಳಾಡಿಸುತ್ತಾ ಕೂತ. ಮಂಟಪದ ಬೆಳಗನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ತಣ್ಣಗಿನ ಕಲ್ಲುಹಾಸು ನೆನಪಾಯಿತು. ಮುಂದಿನದು ಬರಲಿಲ್ಲ.

“ಆ ಹಲಸಿನ ಹುಡುಗನ ಮಾತು ಬೇರೆ ಗುರುಗಳೇ” ಎಂದ ಕೊನೆಗೆ. “ಅವನು ಬೇಕೆಂದೇ ಬಂದವನು. ನಾನು ನೀವು ಕರೆದಿರೆಂದು ಬಂದವನು.”

ಗುರು ಕೋಲು ಊರಿ ಎದ್ದರು. ಹೆಗಲ ವಸ್ತ್ರ ಸರಿಮಾಡಿಕೊಂಡರು. ತಂಬಿಗೆ ನೆಲದ ಮೇಲೆಯೇ ಇತ್ತು. ಅದನ್ನು ಅಲ್ಲಿಯೇ ಬಿಟ್ಟು ದಾರಿಗೆ ಇಳಿದು, ನಾಲ್ಕು ಹೆಜ್ಜೆ ನಡೆದು, ಹಿಂದಿರುಗಿ ನೋಡದೆ ಹೇಳಿದರು:

“ಅವತ್ತು ನಾನು ಯಾರನ್ನೂ ಕರೆಯಲಿಲ್ಲ ಜುಂಜಾ, ಬಹಳ ದೂರ ನಡೆದ ಮೇಲೆ ತಿರುಗಿ ನೋಡಿದರೆ, ನಾನು ಮಂಟಪದಲ್ಲಿ ಮರೆತು ಬಂದಿದ್ದ ತಂಬಿಗೆ ನಿನ್ನ ಕೈಯಲ್ಲಿತ್ತು.”